ಹಾಲನ್ನಕ್ಕೊಂದು ತಿದ್ದುಪಡಿ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬೇಯಿಸಿದ ಮೀನಿನ ವಾಸನೆ ಬಂತು. ಮೀನು ತಿನ್ನುವವನು ನಾನು. ಆದರೂ ಮೂಗು ಹಿಂದೆ ಸರಿಯಿತು. ಉಪ್ಪಿಲ್ಲ, ಹುಳಿಯಿಲ್ಲ, ಚಿಟಿಕೆ ಅರಿಶಿನವೂ ಇಲ್ಲ. ಡಬ್ಬಿಯ ಕೆಳಗೆ ಒಂದು ಚೀಟಿ ಇತ್ತು:

‘ಬೆಳಿಗ್ಗೆ ಏಳಕ್ಕೆ ಪ್ಯಾಕೆಟ್ಟಿನದು ಒಂದು ಅಳತೆ. ಸಂಜೆ ಆರಕ್ಕೆ ಅರ್ಧ ಅಳತೆ, ಮೀನು ಎರಡು ಚಮಚ. ಮೀನು ಬೆಚ್ಚಗಿರಲಿ. ನೀರಿನ ಬಟ್ಟಲು ಜಾಗ ಬದಲಿಸಬೇಡಿ. ಕುರ್ಚಿ ಸರಿಸಬೇಡಿ. ತಟ್ಟೆ ಇಟ್ಟು ನೆಲ ಎರಡು ಸಲ ತಟ್ಟಿ. ತಿನ್ನೋದನ್ನ ನೋಡಿ.’

ಬರೆದವರು ಗಿರಿಜಕ್ಕ. ಹೊಸೂರಿನ ಆಲಸನತ್ತಂನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ. ಕೆಳಗೆ ಅವರು, ಅವರ ಗಂಡ ರುದ್ರಪ್ಪ, ಚಿನ್ನಿ ಎಂಬ ಬೆಕ್ಕು, ಮೇಲೆ ನಾನು. ಗಿರಿಜಕ್ಕನ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಗಂಡಹೆಂಡತಿ ನಾಲ್ಕು ದಿನಕ್ಕೆ ರಾಯಕೋಟೆಗೆ ಹೋಗಿದ್ದಾರೆ. ಕೀಲಿಕೈ, ಚೀಟಿ, ಬೆಕ್ಕು ಮೂರೂ ನನ್ನ ಪಾಲಿಗೆ. ಗಿರಿಜಕ್ಕ ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡವನ್ನು ಅಕ್ಷರ ಅಕ್ಷರ ಬಿಡಿಸಿ ಬರೆಯುತ್ತಾರೆ, ಹಾಗಾಗಿ ಒಂದು ಪದವೂ ಹೆಚ್ಚಾಗುವುದಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಬೇರೆಯವರ ವರದಿಗಳನ್ನು ಕತ್ತರಿಸಿಯೇ ನಾನು ನಿವೃತ್ತನಾದೆ. ಈ ಚೀಟಿಯಲ್ಲಿ ಕತ್ತರಿಸಲು ನನಗೇನೂ ಸಿಗಲಿಲ್ಲ. ಕೊನೆಯ ಸಾಲು ಮಾತ್ರ ಅನವಶ್ಯಕ ಎನಿಸಿತು. ಬೆಕ್ಕು ತಿನ್ನುವುದನ್ನು ನೋಡುವುದೇನು?

ಈ ಡಬ್ಬಿ ಇರುವುದು ನನ್ನ ಫ್ರಿಜ್ಜಿನಲ್ಲಿ. ಏಕೆಂದರೆ ಕೆಳಗಿನದು ಲಿಂಗಾಯತರ ಮನೆ. ಮೊಟ್ಟೆ ಕೂಡ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅಂಥ ಮನೆಯ ಹೆಂಗಸು ವಾರಕ್ಕೆರಡು ಸಲ ಮೀನು ಬೇಯಿಸಿ, ಮುಳ್ಳು ಬಿಡಿಸಿ, ಮೆಟ್ಟಿಲು ಹತ್ತಿ ತಂದಿಡುವಂತಾದದ್ದು ಹೇಗೆ ಎನ್ನುವುದನ್ನು ನಾನು ಹೇಳಲೇಬೇಕು. ಹೇಳಿದರೆ ನನ್ನದೊಂದು ತಪ್ಪೂ ಹೊರಗೆ ಬರುತ್ತದೆ. ಬರಲಿ.

ಚಿನ್ನಿ ಮರಿಯಾಗಿ ಬಂದದ್ದು ರಾಯಕೋಟೆಯ ಅವರ ತವರಿನಿಂದ. ಆ ಮನೆಯಲ್ಲಿ ಅಟ್ಟದ ತುಂಬ ರಾಗಿ ಮೂಟೆ, ಕೆಳಗೆ ಹಸುವಿನ ಕೊಟ್ಟಿಗೆ, ಎಣಿಸಲಾರದಷ್ಟು ಬೆಕ್ಕುಗಳು. ಮಧ್ಯಾಹ್ನ ಕಲ್ಲಿನ ಬಾನಿಯಲ್ಲಿ ಹಾಲನ್ನ ಕಲಸಿಟ್ಟರೆ ಮುಗಿಯಿತು. ಬೆಕ್ಕುಗಳು ಮೈಗೆ ಎಣ್ಣೆ ಹಚ್ಚಿದಂತೆ ಮಿನುಗುತ್ತಿದ್ದವಂತೆ. ಆಲಸನತ್ತಂನಲ್ಲಿ ಹಾಗೆ ಬಿಡುವಂತಿರಲಿಲ್ಲ. ಬಾಗಿಲು ತೆರೆದರೆ ಕಂಪನಿ ಬಸ್ಸುಗಳು, ಎದುರಿನ ಖಾಲಿ ಸೈಟಿನಲ್ಲಿ ಆರು ನಾಯಿಗಳು. ಚಿನ್ನಿಯನ್ನು ಒಳಗೇ ಸಾಕುವುದೆಂದಾಯಿತು. ಕಿಟಕಿಗಳಿಗೆ ಜಾಲರಿ ಬಿತ್ತು. ಮೊಸಾಯಿಕ್ ನೆಲ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮುಚ್ಚಿಟ್ಟ ದಿನಸಿ. ಇಲಿಯಿರಲಿ, ಜಿರಳೆಗೂ ಸಂದಿಲ್ಲದ ಮನೆ.

“ಹಾಲನ್ನ ಸಾಕಲ್ವಾ ಪೇಪರ್ನೋರೆ?” ಎಂದು ಗಿರಿಜಕ್ಕ ಆಗಲೇ ಕೇಳಿದ್ದರು. ಅವರು ನನ್ನನ್ನು ಕರೆಯುವುದೇ ಹಾಗೆ.

“ಧಾರಾಳವಾಗಿ ಸಾಕು, ಹಾಲು ಪೂರ್ಣಾಹಾರ” ಎಂದೆ.

ಅಷ್ಟು ಖಚಿತವಾಗಿ ಹೇಳಲು ನನಗೆ ಆಧಾರವಿತ್ತು. ಹಿಂದೊಮ್ಮೆ ಪುಟದ ಮೂಲೆಯಲ್ಲಿ ನಾಲ್ಕು ಬೆರಳಗಲ ಜಾಗ ಖಾಲಿ ಉಳಿದಿತ್ತು. ಅದನ್ನು ತುಂಬಲು ‘ಬೆಕ್ಕಿಗೆ ಹಾಲೇ ಪೂರ್ಣಾಹಾರ’ ಎಂಬ ತುಣುಕನ್ನು ನಾನೇ ಬರೆದು ಹಾಕಿದ್ದೆ. ಯಾರನ್ನೂ ಕೇಳಿರಲಿಲ್ಲ. ಮರುದಿನ ಅಚ್ಚಿನಲ್ಲಿ ನೋಡಿದಾಗ ಅದು ನಿಜವೇ ಇದ್ದೀತು ಎನಿಸಿತು. ಅಚ್ಚಾದದ್ದರ ಗುಣವೇ ಅದು, ಬರೆದವನನ್ನೂ ನಂಬಿಸಿಬಿಡುತ್ತದೆ.

ಒಂದೂವರೆ ವರ್ಷ ಹಾಲನ್ನ ನಡೆಯಿತು. ಒಂದು ದಿನ ಗಿರಿಜಕ್ಕ ನನ್ನನ್ನು ಕೆಳಗೆ ಕರೆದರು.

“ಇದ್ರ ಕಣ್ಣು ನೋಡಿ. ಮಟಮಟ ಮಧ್ಯಾನದಾಗೂ ಪಾಪೆ ಇಷ್ಟಗಲ ಬಿಟ್ಕಂಡಿರ್ತದೆ. ಬೆಳಕಿಗೆ ಭತ್ತದ ಕಾಳಂಗೆ ಸಣ್ಣಗಾಗ್ಬೇಕಲ್ವಾ?”

ಕಣ್ಣು ಬಲು ಚೆನ್ನಾಗಿದೆ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಮುಡಿಯಿಂದ ಒಂದು ಕನಕಾಂಬರ ಕಿತ್ತು ಚಿನ್ನಿಯ ಮುಂದೆ ಮೇಲಿನಿಂದ ಬಿಟ್ಟರು. ಹೂವು ಮೂಗಿನ ಹತ್ತಿರವೇ ಇಳಿದು ನೆಲಕ್ಕೆ ಬಿತ್ತು. ಚಿನ್ನಿ ಕದಲಲಿಲ್ಲ. ಆಮೇಲೆ ಬೀರುವಿನ ಕೀಲಿಕೈ ಬೀಳಿಸಿದರು. ತಟ್ಟನೆ ತಲೆ ತಿರುಗಿತು.

“ಕಿವಿ ಐತೆ. ಕಣ್ಣು ಹೋಗ್ತಾ ಐತೆ” ಎಂದರು.

ಮೂರು ದಿನದಿಂದ ಅವರು ಹೀಗೆ ಪರೀಕ್ಷೆ ಮಾಡುತ್ತಿದ್ದರಂತೆ. ಒಂದು ಸಲ ಕಂಡದ್ದನ್ನು ನಂಬಬಾರದೆಂದು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಿಟಕಿಯ ಬಳಿ. ನಾನು ದುಡಿದ ಕಚೇರಿಯಲ್ಲಿ ಅಂಥ ಶಿಸ್ತಿನವರು ಇಬ್ಬರೋ ಮೂವರೋ ಇದ್ದರು. ನಾನು ಆ ಪೈಕಿ ಅಲ್ಲವೆನ್ನುವುದು ಈಗಾಗಲೇ ನಿಮಗೆ ತಿಳಿದಿದೆ.

ಅವತ್ತೇ ಆಟೋ ಹಿಡಿದು ಪಶುವೈದ್ಯರ ಹತ್ತಿರ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ತಮಿಳು ಹೆಣ್ಣುಮಗಳು. ಏನು ಊಟ ಹಾಕುತ್ತೀರಿ ಎಂದು ಕೇಳಿದರು. ಗಿರಿಜಕ್ಕ ಸಣ್ಣ ಹೆಮ್ಮೆಯಿಂದಲೇ ಹೇಳಿದರು: “ಗಟ್ಟಿ ಹಾಲು, ಮೆತ್ತಗೆ ಬೇಯ್ಸಿದ ಅನ್ನ.”

“ಪಾಲ್ ಸಾದಮಾ? ಅದು ಮಟ್ಟುಂದಾನಾ?” ಹಾಲನ್ನ ಮಾತ್ರವೇ? ಡಾಕ್ಟರು ಪೆನ್ನು ಕೆಳಗಿಟ್ಟರು.

ಬೆಕ್ಕಿಗೆ ಬೇಕಾದ ಒಂದು ಸತ್ವ ಇರುವುದು ಮಾಂಸ, ಮೀನಿನಲ್ಲಿ; ಸಾಕಾಗುವಷ್ಟನ್ನು ಬೆಕ್ಕಿನ ಮೈ ತಾನೇ ತಯಾರಿಸಿಕೊಳ್ಳಲಾರದು. ಅದಿಲ್ಲದೆ ಮೊದಲು ಕಣ್ಣು ಮಂಕಾಗುತ್ತದೆ, ಆಮೇಲೆ ಗುಂಡಿಗೆ ಸೋಲುತ್ತದೆ. ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದನ್ನೂ ಜೀವವನ್ನೂ ಉಳಿಸಿಕೊಳ್ಳಬಹುದು, ಊಟವನ್ನು ಈಗಲೇ ಬದಲಿಸಿದರೆ. ಡಾಕ್ಟರು ಹೇಳಿದ್ದು ಇಷ್ಟು.

“ಹಂಗಾದ್ರೆ ನಮ್ಮ ರಾಯಕೋಟೆ ಬೆಕ್ಕುಗಳು?” ಗಿರಿಜಕ್ಕ ಬಿಡಲಿಲ್ಲ. “ಅವೂ ಹಾಲನ್ನಾನೇ ತಿಂತಿದ್ವಲ್ಲಾ?”

“ಅಲ್ಲಿ ಇಲಿ ಇತ್ತಾ ಅಮ್ಮಾ?” ಡಾಕ್ಟರು ತಮ್ಮ ಅರೆಗನ್ನಡದಲ್ಲಿ ಕೇಳಿದರು.

ಗಿರಿಜಕ್ಕ ಚಿನ್ನಿಯನ್ನು ಬುಟ್ಟಿಗಿಳಿಸಿ ಎದ್ದರು. ವಾಪಸು ಬರುವಾಗ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಆಟೋದಲ್ಲಿ ಕುಳಿತರು. ಆಮೇಲೆ ಅಂದರು: “ಅವನ್ನ ಸಾಕಿದ್ದು ನಾವಲ್ಲ, ಇಲಿಗಳು. ನಾವು ಬರೀ ಪಾಯ್ಸ ಬಡ್ಸಿ, ಊಟ ಹಾಕ್ದೋ ಅಂತ ಹೆಸ್ರು ತಕಂಡ್ವಿ.”

ನನ್ನ ಪೂರ್ಣಾಹಾರದ ವಿಷಯವನ್ನು ಆಗ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. “ನೀವು ಹೇಳಿದ್ರಿ, ನಾನು ಕೇಳ್ದೆ. ಇಬ್ರೂ ಬೆಕ್ಕನ್ನ ಕೇಳ್ಲಿಲ್ಲ” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ರುದ್ರಪ್ಪನವರು ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದ ಮೇಲೆ ಮನೆಯೊಳಗೆ ಮಾತು ಏರಿತು. ಅವರು ಕೆಟ್ಟವರಲ್ಲ, ಪೂಜೆ ಮಾಡದೆ ನೀರು ಕುಡಿಯದ ಮನುಷ್ಯ.

“ಸ್ವಾಮಿಗಳು ಪಾದ ಇಟ್ಟಿರೋ ಮನೆ ಇದು. ಇಲ್ಲಿ ಮೀನಾ? ಬೆಕ್ಕಿಗೂ ಬರೀ ಸೋಯಾದ್ದು ಏನೋ ಬತ್ತದಂತೆ, ನಮ್ಮ ಲೈನ್‌ನಾಗಿರೋನು ಒಬ್ಬ ಹೇಳ್ದ.”

“ಲಿಂಗ ಕಟ್ಟಿರೋದು ನಾವು ಕಣ್ರೀ. ಅದಕ್ಕೆ ಯಾರು ಕಟ್ಟವ್ರೆ?”

“ಹಂಗಂದ್ರೆ ಆಚೆ ಬಿಡು. ಅದ್ರ ಪಾಡಿಗೆ ಬೇಟೆ ಆಡ್ಕಳ್ಳಿ.”

“ಅದ್ರ ಕಣ್ಣು ಕಳ್ದೋಳು ನಾನು. ಈಗ ನಾಯಿ ಬಾಯಿಗೆ ಬಿಟ್ಬುಟ್ಟು ಮಡಿವಂತೆ ಆಗ್ಲಾ?”

ಬಾಗಿಲಲ್ಲಿ ನಿಂತಿದ್ದ ನಾನು ನಡುವೆ ಬಾಯಿ ಹಾಕಿದೆ. ಮೇಲೆ ನಾನೇ ಬೇಯಿಸಿ ತಂದುಕೊಡುತ್ತೇನೆ, ನಿಮಗೇಕೆ ತೊಂದರೆ ಎಂದೆ. ತಪ್ಪಿಗೆ ಅಷ್ಟಾದರೂ ಸಲ್ಲಲಿ ಎಂಬ ಲೆಕ್ಕ ನನ್ನದು. ಗಿರಿಜಕ್ಕ ತಲೆಯಾಡಿಸಿದರು.

“ಬ್ಯಾಡ. ನೀವು ಮಾಡಿದ್ರೆ ನನ್ ಕೈ ಸುದ್ದವಾಗಿ ಉಳೀತದೆ, ಅಷ್ಟೆ. ಸಾಕಿರೋಳು ನಾನು, ನಾನೇ ಮಾಡ್ಬೇಕು.”

ರುದ್ರಪ್ಪ ಎದ್ದು ಒಳಗೆ ಹೋದರು. ಬೆಳಿಗ್ಗೆ ನಾನು ಇಳಿದು ಬಂದಾಗ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಇಟ್ಟಿಗೆ ಜೋಡಿಸಿ ಒಲೆ ಹೂಡುತ್ತಿದ್ದರು. “ಅಡುಗೆಮನೆ ಒಳಗೆ ತರಂಗಿಲ್ಲ, ಫ್ರಿಜ್ಜಲ್ಲಿ ಇಡಂಗಿಲ್ಲ” ಎಂದು ಯಾರಿಗೋ ಹೇಳುವಂತೆ ಹೇಳುತ್ತ, ಒಲೆಯ ಮೇಲೆ ಒಂದು ತಗಡಿನ ಶೀಟನ್ನೂ ಕಟ್ಟಿದರು. ಮಳೆ ಬಂದರೆ ಹೆಂಡತಿ ನೆನೆಯಬಾರದಲ್ಲ.

ಮಾರುಕಟ್ಟೆಗೆ ಬರುವ ಕೃಷ್ಣಗಿರಿ ಡ್ಯಾಮಿನ ಮೀನು ತರುವುದು ನನ್ನ ಕೆಲಸವಾಯಿತು. ಮೊದಲ ದಿನ ಗಿರಿಜಕ್ಕ ಮುಖ ಪಕ್ಕಕ್ಕೆ ತಿರುಗಿಸಿ, ಸೆರಗು ಮೂಗಿಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಮುಳ್ಳು ಬಿಡಿಸಿದರು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಯೋ ಅಸಹ್ಯವೋ ನಾನು ಕೇಳಲಿಲ್ಲ. ಬೆರಳ ತುದಿಯಲ್ಲಿ ಒಂದು ಚೂರು ತೆಗೆದು ಚಿನ್ನಿಯ ಮೂಗಿನ ಹತ್ತಿರ ಹಿಡಿದರು. ಅದು ಮೂಸಿತು, ನೆಕ್ಕಿತು, ಬೆರಳನ್ನೂ ಬಿಡಲಿಲ್ಲ.

“ಥೂ... ತಿನ್ನು, ನನ್ನವ್ವ, ತಿನ್ನು.”

ಮೀನೊಂದೇ ಸಾಲದು, ಬೆಕ್ಕಿಗೆ ಬೇಕಾದದ್ದೆಲ್ಲ ಇರುವ ಪ್ಯಾಕೆಟ್ಟಿನ ಆಹಾರವೇ ಮುಖ್ಯ. ಆದರೆ ಅದು ಒಣಕಲು, ನೀರು ಕಡಿಮೆ ಕುಡಿಯುವ ಪ್ರಾಣಿಗೆ ಜೊತೆಯಲ್ಲಿ ನೀರಿನಂಶವಿರುವುದೂ ಸ್ವಲ್ಪ ಇರಲಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯಲ್ಲಿ ನಾನು ಅಂದದ ಬೆಕ್ಕಿನ ಚಿತ್ರವಿದ್ದ ಒಂದು ಪ್ಯಾಕೆಟ್ಟು ಎತ್ತಿಕೊಂಡೆ. “ಚಿತ್ರ ಬುಡಿ, ಹಿಂದಿರೋದು ಓದಿ” ಎಂದರು ಗಿರಿಜಕ್ಕ. ಓದಿದೆ. ಮೊದಲ ಪದಾರ್ಥ ಜೋಳ, ಎರಡನೆಯದು ಅಕ್ಕಿ, ಕೊನೆಗೆಲ್ಲೋ ಮೀನಿನ ಪರಿಮಳ.

“ಇದು ಇನ್ನೊಂದು ಹಾಲನ್ನ. ಕೆಳಗಿಡಿ.”

ನಾಲ್ಕನೆಯ ಪ್ಯಾಕೆಟ್ಟಿನಲ್ಲಿ ಕೋಳಿ ಮೊದಲಿತ್ತು, ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಸತ್ವದ ಹೆಸರೂ ಇತ್ತು. ಹಸಿದರೆ ತಾನೇ ತಿನ್ನುತ್ತದೆ, ಎರಡು ದಿನ ಬಿಡಿ ಎಂದು ಅಂಗಡಿಯವರು ಹೇಳಿದರು. ಬೆಕ್ಕನ್ನು ಉಪವಾಸ ಕೆಡವಬಾರದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಗಿರಿಜಕ್ಕ ಹಳೆಯ ಹಾಲನ್ನದಲ್ಲಿ ಮೊದಲ ದಿನ ನಾಲ್ಕು ಕಾಳು ಸೇರಿಸಿದರು. ಚಿನ್ನಿ ಆ ನಾಲ್ಕನ್ನೂ ಬಿಟ್ಟು ತಟ್ಟೆ ಖಾಲಿ ಮಾಡಿತು. ಮರುದಿನ ಕಾಳಿಗೆ ಮೀನು ಬೆಂದ ನೀರು ಸವರಿದರು, ಎರಡು ಹೊಟ್ಟೆಗೆ ಹೋದವು. ಕಾಳು ಹೆಚ್ಚುತ್ತ, ಹಾಲನ್ನ ಕರಗುತ್ತ ಹದಿನೈದು ದಿನ ನಡೆಯಿತು. ಓಡಾಟವಿಲ್ಲದ ಬೆಕ್ಕು ಊದಿಕೊಳ್ಳುತ್ತದೆಂದು ತಿಳಿದ ಮೇಲೆ ಅಳತೆಗೊಂದು ಪುಟ್ಟ ಬಟ್ಟಲೂ ಬಂತು.

ಚಿನ್ನಿಯ ತುಪ್ಪಳ ಮತ್ತೆ ಮಿನುಗಿತು. ಗುಂಡಿಗೆ ಗಟ್ಟಿಯಾಗಿದೆ. ಕಣ್ಣು ಇದ್ದಲ್ಲೇ ನಿಂತಿತು. ಕಿಟಕಿಯ ಬೆಳಕು, ಅಡ್ಡ ಬಂದ ನೆರಳು ಕಾಣುತ್ತದೆ, ಅಷ್ಟೇ. ಅದಕ್ಕೇ ಆ ಮನೆಯಲ್ಲಿ ಕುರ್ಚಿ ಸರಿಸುವುದಿಲ್ಲ. ರುದ್ರಪ್ಪನವರು ಪೂಜೆಯ ಮಣೆಯನ್ನೂ ಪ್ರತಿದಿನ ನೆಲದ ಅದೇ ಗುರುತಿಗೆ ಸೇರಿಸಿ ಇಡುತ್ತಾರೆ.

ಇವತ್ತು ಸಂಜೆ ಆರಕ್ಕೆ, ಚೀಟಿಯಲ್ಲಿದ್ದಂತೆ ಮೀನು ಬೆಚ್ಚಗೆ ಮಾಡಿ, ಕೆಳಗಿಳಿದು, ತಟ್ಟೆ ಇಟ್ಟು, ನೆಲ ಎರಡು ಸಲ ತಟ್ಟಿದೆ. ಚಿನ್ನಿ ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು ಬರುತ್ತಿತ್ತು. ಕೆಲಸ ಮುಗಿಯಿತೆಂದು ಬಾಗಿಲೆಳೆದುಕೊಂಡು ಮೇಲೆ ಬಂದೆ. ಕುಳಿತುಕೊಳ್ಳುವಷ್ಟರಲ್ಲಿ ಫೋನು. ಹಿಂದುಗಡೆ ಗೃಹಪ್ರವೇಶದ ಗದ್ದಲ, ಪಾತ್ರೆಗಳ ಸದ್ದು.

“ತಿಂತಾ ಪೇಪರ್ನೋರೆ?”

“ತಿಂದಿರುತ್ತೆ...” ಎನ್ನಲು ಹೋದವನು ತಡೆದುಕೊಂಡೆ. ಡೆಸ್ಕಿನಲ್ಲಿದ್ದಾಗ ಹೊಸ ಹುಡುಗರ ವರದಿಗಳಲ್ಲಿ ನಾನು ಕೆಂಪು ಗೀಟು ಎಳೆಯುತ್ತಿದ್ದ ಮಾತದು.

“ನೋಡಿಲ್ಲ ಗಿರಿಜಕ್ಕ. ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ” ಎಂದೆ.

“ಹೂಂ. ಕಾಯ್ತೀನಿ” ಎಂದರು.

ಮತ್ತೆ ಕೆಳಗಿಳಿದೆ. ಚಿನ್ನಿ ತಟ್ಟೆಯಿಂದ ಒಂದು ಗೇಣು ದೂರದಲ್ಲಿ ನಿಂತು ಕಿವಿ ನಿಮಿರಿಸಿತ್ತು. ತಟ್ಟೆ ತುಂಬಿದಂತೆಯೇ ಇತ್ತು. ಹತ್ತಿರ ಹೋಗಿ, ಕುರ್ಚಿಯನ್ನು ಮುಟ್ಟದೆ ನೆಲದ ಮೇಲೆ ಕುಳಿತೆ. ಇನ್ನೆರಡು ಸಲ ತಟ್ಟಿದೆ. ಬೆರಳ ತುದಿಯಲ್ಲಿ ಒಂದು ಚೂರು ಮೀನು ತೆಗೆದುಕೊಂಡು ಹಿಡಿದು ಕಾದೆ. ಬಂತು, ಮೂಸಿತು, ನೆಕ್ಕಿತು. ಆಮೇಲೆ ತಟ್ಟೆಗೆ ತಲೆ ಬಗ್ಗಿಸಿತು. ತಟ್ಟೆಯ ಅಂಚು ಹೊಳೆಯುವವರೆಗೂ ನೋಡಿದೆ. ಆಮೇಲೆ ಫೋನು ತೆಗೆದುಕೊಂಡೆ.

“ತಿಂತು” ಎಂದೆ.