ನೀವು ಈಕಿಗೆ ಏನಾಗಬೇಕ್ರಿ?

ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿದೊಡನೆ ಮನುಷ್ಯರ ಬಾಯಿ ಕಟ್ಟಿಹೋಗುತ್ತದೆ ಎಂಬುದು ನನ್ನ ಬಹುಕಾಲದ ಗುಮಾನಿ. ಹೆಣ್ಣು ನೋಡುವ ಶಾಸ್ತ್ರವನ್ನೇ ತೆಗೆದುಕೊಳ್ಳಿ, ಇಲ್ಲವೇ ನೌಕರಿಯ ಸಂದರ್ಶನವನ್ನು; ಒಂದು ಮುಖ ಇನ್ನೊಂದು ಮುಖವನ್ನು ನೇರವಾಗಿ ದಿಟ್ಟಿಸತೊಡಗಿದರೆ ನಿಜವೆಂಬುದು ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತದೆ. ನಮ್ಮ ಧಾರವಾಡದ ಓಣಿಯ ಹೆಂಗಸರು ತಮ್ಮ ಜನ್ಮಾಂತರದ ಸಂಕಟಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದು ಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ಜೋಳ ಹಸನು ಮಾಡುವಾಗ. ಕಣ್ಣು ಮೊರದಲ್ಲಿ, ಕೈ ಹರಳಿನಲ್ಲಿ, ಮಾತು ಮಾತ್ರ ಪಕ್ಕದವಳ ಕಿವಿಯಲ್ಲಿ. ನನ್ನ ಯಜಮಾನರಿಗೂ ನನಗೂ ಪಕ್ಕಪಕ್ಕ ಕೂರುವ ಆ ಯೋಗವೂ ಕಡಿಮೆ, ಏಕೆಂದರೆ ನಾವು ಸಂಸಾರ ಹೂಡಿದ ಹೈದರಾಬಾದಿನ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಮ್ಮ ದಾಂಪತ್ಯದ ಶಾಂತಿಗೆ ಈ ವ್ಯವಸ್ಥೆಯೇ ಕಾರಣವೆಂದು ಅವರು ಹೇಳುತ್ತಾರೆ, ನಾನೂ ವಿರೋಧಿಸುವುದಿಲ್ಲ.

ಈ ಕುರ್ಚಿಪುರಾಣ ಯಾಕೆ ಬಂತೆಂದರೆ, ಸಾಫ್ಟ್‌ವೇರಿನ ಭರಾಟೆ ಊರನ್ನೆಲ್ಲ ಆವರಿಸಿದ್ದ ಆ ವರ್ಷಗಳಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಸಣ್ಣ ಶಾಲೆಗೂ ಅದರ ಗಾಳಿ ತಗುಲಿತು. ಅಮೀರ್‌ಪೇಟೆಯ ಗೋಡೆಗಳಲ್ಲಿ ತರಬೇತಿಯ ಬೋರ್ಡುಗಳಿಗೆ ಜಾಗ ಸಾಲದಂತಾಗಿದ್ದ ಕಾಲ ಅದು. ನಮ್ಮ ಮುಖ್ಯೋಪಾಧ್ಯಾಯಿನಿಯವರು ಯಾವುದೋ ಕಂಪನಿಯ ಸಭೆಗೆ ಹೋಗಿ ಬಂದವರೇ, ಇನ್ನು ಮುಂದೆ ನಮ್ಮಲ್ಲಿಯೂ ಪ್ರತಿ ಮಗುವಿಗೆ ಒಬ್ಬ ಮೆಂಟರ್ ಇರತಕ್ಕದ್ದೆಂದು ಸಾರಿದರು. ಮೆಂಟರ್ ಎಂದರೆ ಪಾಠ ಹೇಳುವವರಲ್ಲ, ದಂಡಿಸುವವರೂ ಅಲ್ಲ, ಮಗುವಿನ ಮನಸ್ಸಿಗೆ ಹತ್ತಿರವಾಗುವವರು ಎಂದು ಅವರು ವಿವರಿಸಿದಾಗ, ಅಷ್ಟು ವರ್ಷ ಪಾಠವನ್ನೂ ದಂಡನೆಯನ್ನೂ ಬಿಟ್ಟು ಬೇರೇನನ್ನೂ ಮಾಡಿರದ ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದೆವು. ಶನಿವಾರ ಗ್ರಂಥಾಲಯದಲ್ಲಿ ಎದುರುಬದುರು ಕುರ್ಚಿಗಳು ಬಂದವು.

ನಮ್ಮ ಮಕ್ಕಳಲ್ಲಿ ಬಹುಪಾಲು ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ದೊಡ್ಡವರ ಸರಿಸಮನಾಗಿ ಕುರ್ಚಿಯಲ್ಲಿ ಕೂರಬಾರದೆಂಬುದು ಅವರು ತಾಯಿಯ ಹಾಲಿನೊಂದಿಗೆ ಕುಡಿದ ಸಂಸ್ಕಾರ. ಆದ್ದರಿಂದ ಅವರು ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತರು. ಕೂರಿಸಿದರೆ ಅಂಚಿನಲ್ಲಿ ಕೂತು, ನಾವು ಬಾಯಿ ತೆರೆದೊಡನೆ ಎದ್ದು ನಿಂತರು. ಮಗಳನ್ನು ಶನಿವಾರ ಪ್ರತ್ಯೇಕವಾಗಿ ಕರೆಸುತ್ತಾರೆಂದರೆ ಅದು ಶಿಕ್ಷೆಯೇ ಇರಬೇಕೆಂದು ಬಗೆದ ತಾಯಿಯೊಬ್ಬಳು ಕೂಲಿ ಬಿಟ್ಟು ಓಡಿಬಂದು, "ಏನ್ ತಪ್ಪು ಮಾಡ್ಯಾಳ್ರಿ ನಮ್ಮ ಹುಡುಗಿ? ಈ ಸಲ ಹೊಟ್ಟಿಗೆ ಹಾಕ್ಕೋರಿ" ಎಂದು ಕೈಮುಗಿದಳು. ಗಣಿತದ ಮೇಷ್ಟರು "ನಿನ್ನ ಸಮಸ್ಯೆ ಏನು?" ಎಂದು ಪ್ರೀತಿಯಿಂದ ವಿಚಾರಿಸಿದ್ದಕ್ಕೆ ಹುಡುಗನೊಬ್ಬ ಪುಸ್ತಕದಲ್ಲಿದ್ದ ಲೆಕ್ಕವೊಂದನ್ನು ತೋರಿಸಿದನಂತೆ.

ನನ್ನ ಪಾಲಿಗೆ ಬಂದವರಲ್ಲಿ ಹತ್ತನೆಯ ತರಗತಿಯ ಮಾದೇವಿ ಒಬ್ಬಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ನೆಲದಲ್ಲಿ ನೆಟ್ಟ ನೋಟ. ಏನು ಕೇಳಿದರೂ "ಏನಿಲ್ರಿ" ಎಂಬ ಒಂದೇ ಉತ್ತರ. ನಮಗೆ ನೆರವಾಗಲೆಂದು ಶನಿವಾರಗಳಂದು ಬರುತ್ತಿದ್ದ ಸ್ಮಿತಾ ಎಂಬ ಹುಬ್ಬಳ್ಳಿಯ ಹುಡುಗಿ, ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು, ಒಮ್ಮೆ ಮಾದೇವಿಯನ್ನು ಕೇಳಿದಳು: "ಇನ್ನ ಐದು ವರ್ಷಕ್ಕ ನೀನು ಎಲ್ಲಿರಬೇಕಂತಿ, ಹೇಳು ನೋಡೋಣ." ಮಾದೇವಿ ಪ್ರಾಮಾಣಿಕವಾಗಿ ಉತ್ತರಿಸಿದಳು: "ಗೊತ್ತಿಲ್ರೀ ಅಕ್ಕಾ. ಬಿಲ್ಡಿಂಗ್ ಮುಗಿದ ಮ್ಯಾಲೆ ಗುತ್ತೇದಾರ ಎಲ್ಲಿ ಕರೀತಾನೋ ಅಲ್ಲಿ." ಸ್ಮಿತಾ ತನ್ನ ಲ್ಯಾಪ್‌ಟಾಪನ್ನು ಮುಚ್ಚಿದಳು. ಅವಳ ತರಬೇತಿಯಲ್ಲಿ ಈ ಉತ್ತರಕ್ಕೆ ಮುಂದಿನ ಪ್ರಶ್ನೆ ಇರಲಿಲ್ಲ.

ನಾನು ಮಾದೇವಿಯ ದನಿಯನ್ನು ನಿಜವಾಗಿ ಕೇಳಿದ್ದು ಬಸ್ಸಿನಲ್ಲಿ. ಸಾಫ್ಟ್‌ವೇರಿನ ಹಣ ನಾವಿರುವ ತಾರ್ನಾಕದವರೆಗೂ ಹರಿದು ಬಂದು, ಹಳೆಯ ಬಂಗಲೆಗಳಿದ್ದಲ್ಲಿ ಅಪಾರ್ಟ್‌ಮೆಂಟುಗಳು ಎದ್ದು ನಿಲ್ಲುತ್ತಿದ್ದವು. ಅಂಥದೊಂದರ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ ಅವಳ ಮನೆ. ಆ ಸಂಜೆ ಕಾಚಿಗೂಡದಲ್ಲಿ ಬಸ್ಸು ಹತ್ತಿದಾಗ ಅವಳ ಪಕ್ಕದ ಸೀಟು ಮಾತ್ರ ಖಾಲಿಯಿತ್ತು. ಅವಳು ಎದ್ದು ನಿಲ್ಲಲು ಹವಣಿಸಿದಳು. ಕಿಟಕಿಯ ಪಕ್ಕಕ್ಕೆ ಸಿಕ್ಕಿಕೊಂಡಿದ್ದರಿಂದ ಸಾಧ್ಯವಾಗಲಿಲ್ಲ. ನಾನು ಮೆಂಟರೆಂಬುದನ್ನು ಮರೆತು ಕಾಲುನೋವನ್ನು ಶಪಿಸುತ್ತ ಕೂತಿದ್ದೆ.

ವಿದ್ಯಾನಗರ ದಾಟುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಟೀಚರ್, ಸಂಕ್ರಾಂತಿ ಆದ ಮ್ಯಾಲೆ ನಾ ಸಾಲಿಗಿ ಬರಂಗಿಲ್ರಿ."

"ಯಾಕವ್ವಾ?"

"ನಮ್ಮ ಬಿಲ್ಡಿಂಗ್ ಮುಗಿಯಾಕತ್ತೈತ್ರಿ. ಊರಿನ ಆ ತುದಿಗೆ, ಗಚ್ಚಿಬೌಲಿ ಆಚಿ ಕಡೆ ಹೊಸಾ ಕೆಲಸ ಹಿಡದಾನ ನಮ್ಮಪ್ಪ."

"ಮತ್ತ ಪರೀಕ್ಷಾ?"

"ಬ್ಯಾಡ ಅಂತಾನ್ರಿ. ಪರಊರಾಗ ಹೆಣ್ಣುಹುಡುಗಿನ್ನ ಯಾರ ಹತ್ತಿರ ಬಿಡಬೇಕು ಅಂತಾನ್ರಿ. ಹಾಸ್ಟೆಲೂ ಬ್ಯಾಡಂತ." ಬಸ್ಸು ವಿಶ್ವವಿದ್ಯಾಲಯದ ಮರಗಳ ನಡುವೆ ಸಾಗುತ್ತಿತ್ತು. ಅವಳು ಗಾಜಿಗೇ ಹೇಳುವವಳಂತೆ ಮುಂದುವರಿಸಿದಳು: "ನನಗ ಬರೀಬೇಕಂತ ಐತ್ರಿ. ಹತ್ತನೇದು ಪಾಸ್ ಆದ್ರ ಮುಂದ ನರ್ಸ್ ಕಲೀಬಹುದಂತ. ನಮ್ಮ ತಮ್ಮ ಹುಟ್ಟೋವಾಗ ದವಾಖಾನ್ಯಾಗ ಒಬ್ಬ ನರ್ಸಮ್ಮ ನಮ್ಮವ್ವನ ಕೈ ಹಿಡ್ಕೊಂಡೇ ನಿಂತಿದ್ಳ್ರಿ."

ಗ್ರಂಥಾಲಯದ ಕುರ್ಚಿಗಳಲ್ಲಿ ಕಳೆದುಹೋದ ಶನಿವಾರಗಳನ್ನೆಲ್ಲ ನೆನೆಯುತ್ತ ಬಸ್ಸಿಳಿದೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, "ಪರೀಕ್ಷಾ ಮುಗಿಯೂ ತನಕ ನಮ್ಮಲ್ಲೇ ಇರಲಿ. ಒಂದು ಚಾಪಿ ಹೆಚ್ಚಿಗಿ ಹಾಸಿದ್ರ ಆತು" ಎಂದರು. ಅವರು ದೊಡ್ಡ ನಿರ್ಧಾರಗಳನ್ನೆಲ್ಲ ಇಂಥ ಸಣ್ಣ ದನಿಯಲ್ಲೇ ಮಾಡುವವರು.

ಭಾನುವಾರ ಶೆಡ್ಡಿಗೆ ಹೋದೆ. ಮಾದೇವಿಯ ತಂದೆ ಸಾಬಣ್ಣ ಮಗ್ಗುಲಿಗೆ ಸರಿದು ಸಿಮೆಂಟಿನ ಖಾಲಿ ಚೀಲವೊಂದನ್ನು ಹಾಸಿ ಕೂರಿಸಿದ. ತಾಯಿ ಭೀಮವ್ವ ಒಲೆಯ ಮುಂದಿದ್ದಳು. ನಾನು ಬಂದ ವಿಷಯವನ್ನು ಹೇಳಿದೆ. ಸಾಬಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಸಿಟ್ಟಿಲ್ಲದೆ, ಅಗೌರವವಿಲ್ಲದೆ ಕೇಳಿದ: "ಎಲ್ಲಾ ಖರೆ ಐತ್ರಿ. ಆದ್ರ ನೀವು ಈಕಿಗೆ ಏನಾಗಬೇಕ್ರಿ?"

"ನಾನು ಆಕಿ ಟೀಚರ್."

"ಟೀಚರ್ ಸಾಲ್ಯಾಗ್ರಿ. ಮನ್ಯಾಗ?"

ನಾನು ಮೆಂಟರ್ ಎಂದೆ. ಅವನು ಕಾಯುತ್ತ ಕೂತ. ಮಾರ್ಗದರ್ಶಿ ಎಂದೆ, ಹಿತೈಷಿ ಎಂದೆ, ಕೊನೆಗೆ ಪೋಷಕ ಶಿಕ್ಷಕಿ ಎಂಬಲ್ಲಿಗೆ ಬಂದು ನಿಂತೆ. ಇಡೀ ಆಯುಷ್ಯ ಸಮಾಸಗಳನ್ನು ಬಿಡಿಸಿ ಹೇಳಿಕೊಟ್ಟವಳಿಗೆ, ಆ ತಗಡಿನ ಸೂರಿನಡಿ ಒಂದು ಮಗುವನ್ನು ಮನೆಯಲ್ಲಿಟ್ಟುಕೊಳ್ಳಲು ಹಕ್ಕು ಕೊಡಬಲ್ಲ ಒಂದು ಪದ ಸಿಗಲಿಲ್ಲ. "ನಾಳೆ ಊರಾಗ ಮಂದಿ ಕೇಳ್ತಾರ್ರಿ, ಮಗಳನ್ನ ಯಾರ ಮನ್ಯಾಗ ಬಿಟ್ಟು ಬಂದಿ ಅಂತ. ನಾ ಏನ್ ಹೇಳ್ಲಿ? ತಪ್ಪು ತಿಳೀಬ್ಯಾಡ್ರಿ" ಎಂದ ಸಾಬಣ್ಣ. ಬಾಗಿಲಲ್ಲಿ ನಿಂತಿದ್ದ ಮಾದೇವಿ ತಿರುಗಿ ಹೊರಗೆ ಹೋದಳು. ನಾನೂ ಏಳಲು ಹೊರಟೆ.

ಭೀಮವ್ವ ಒಲೆಯ ಮುಂದಿನಿಂದಲೇ, "ಕೂಡ್ರಿ" ಎಂದಳು. ಕೈ ತೊಳೆದುಕೊಂಡು ಬಂದು ಟ್ರಂಕು ತೆಗೆದು, ಎಂದೋ ಯಾರೋ ಕೊಟ್ಟಿದ್ದ ಕುಪ್ಪಸದ ಕಣವೊಂದನ್ನು ಹೊರತೆಗೆದಳು. ಅಕ್ಕಿ ಇರಲಿಲ್ಲವೋ, ಜೋಳವೇ ತನ್ನ ಊರಿನ ಪದ್ಧತಿಯೋ ತಿಳಿಯದು, ಡಬ್ಬಿಯಿಂದ ಜೋಳ ಸುರಿದುಕೊಂಡಳು. ಎಲ್ಲಮ್ಮನ ಮುಂದಿಟ್ಟಿದ್ದ ತೆಂಗಿನಕಾಯನ್ನು ದೇವಿಗೆ ಹೇಳಿ ಎತ್ತಿಕೊಂಡಳು. ನನ್ನ ಹಣೆಗೆ ಕುಂಕುಮವಿಟ್ಟು, "ಸೆರಗು ಒಡ್ರಿ" ಎಂದಳು. ನಾನು ಒಡ್ಡಿದೆ. ಹಿಡಿ ಹಿಡಿಯಾಗಿ ಜೋಳ ನನ್ನ ಉಡಿಗೆ ಬಿತ್ತು. ತವರಿನಿಂದ ಹೊರಡುವ ಮನೆಮಗಳಿಗೆ ಉಡಿ ತುಂಬುವ ಈ ಪದ್ಧತಿ ನನಗೇನೂ ಹೊಸದಲ್ಲ. ತಾಯಿ ತೀರಿಹೋದ ಮೇಲೆ ನನಗೆ ತವರಿನ ಉಡಿ ತುಂಬುವವರು ಯಾರೂ ಉಳಿದಿರಲಿಲ್ಲ, ಅಷ್ಟೆ. ಭೀಮವ್ವ ನನ್ನ ಕುಲವನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಂಡನ ಕಡೆ ತಿರುಗಿ ಅವಳು ಹೇಳಿದಳು: "ಈಕಿ ನನ್ನ ತಂಗಿ. ಮಾದೇವಿಗೆ ಚಿಗವ್ವ ಆಗಬೇಕು. ಮಂದಿ ಕೇಳಿದ್ರ ಚಿಗವ್ವನ ಮನ್ಯಾಗ ಬಿಟ್ಟೀನಿ ಅಂತ ಹೇಳು." ಸಾಬಣ್ಣ ಹೆಂಡತಿಯನ್ನೂ ನನ್ನ ತುಂಬಿದ ಉಡಿಯನ್ನೂ ನೋಡಿ, ಹೆಂಡತಿಯ ತಂಗಿಯ ಎದುರು ಇರಬೇಕಾದ ರೀತಿಯಲ್ಲಿ ತುಸು ಮೈ ಮುದುಡಿಕೊಂಡು, "ಆತ್ ಬಿಡ್ರಿ ಮತ್ತ" ಎಂದ.

ಮಾದೇವಿ ನಮ್ಮ ಮನೆಗೆ ಬಂದಳು. ನೋಡಿ, ಶಾಲೆಯಲ್ಲಿ "ಏನಿಲ್ರಿ" ಬಿಟ್ಟು ಬೇರೇನೂ ಹೇಳದವಳು, ಚಿಗವ್ವನ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ, ನಾನು ಸಾರಿಗೆ ಖಾರ ಕಡಿಮೆ ಹಾಕುತ್ತೇನೆಂಬುದರಿಂದ ಹಿಡಿದು ನನ್ನ ವ್ಯಾಕರಣದ ಪಾಠದಲ್ಲಿ ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಾರೆಂಬುದರವರೆಗೆ ಎಲ್ಲವನ್ನೂ ನಿಸ್ಸಂಕೋಚವಾಗಿ ನಿವೇದಿಸಿದಳು. ತನಗೆ ಬೀಜಗಣಿತ ಒಂದಿಷ್ಟೂ ತಿಳಿಯುವುದಿಲ್ಲ, ಕೇಳಿದರೆ ದಡ್ಡಿ ಎಂದಾರೆಂದು ವರ್ಷವಿಡೀ ತಿಳಿದಂತೆ ತಲೆಯಾಡಿಸಿದೆ ಎಂಬುದನ್ನೂ ಹೇಳಿದಳು. ನನಗೂ ತಿಳಿಯದು ಎಂದು ನಾನು ಹೇಳಿದಾಗ ಅವಳಿಗಾದ ಸಂತೋಷವನ್ನು ನೋಡಬೇಕಿತ್ತು. ಸ್ಮಿತಾ ಭಾನುವಾರಗಳಂದು ಅಮೀರ್‌ಪೇಟೆಯ ಹಾಸ್ಟೆಲಿನಿಂದ ಬಂದು ಚಾಪೆಯ ಮೇಲೆ ಕೂತು ಹೇಳಿಕೊಟ್ಟಳು. ಐದು ವರ್ಷದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಪರೀಕ್ಷೆ ಬರೆದಳು. ಫಲಿತಾಂಶ ಬಂತು. ಎಲ್ಲ ವಿಷಯಗಳಲ್ಲೂ ಪಾಸಾಗಿ ಗಣಿತದಲ್ಲಿ ಫೇಲಾಗಿದ್ದಳು.

ಓದುಗರೇ, ಇಂಥ ಬರಹಗಳಲ್ಲಿ ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾಗುವುದು ಪದ್ಧತಿ ಎಂದು ಬಲ್ಲೆ. ಆದರೆ ವರ್ಷವಿಡೀ ತಲೆಯಾಡಿಸಿ ಕಳೆದ ಬೀಜಗಣಿತ ಕೆಲವು ಭಾನುವಾರಗಳಲ್ಲಿ ಬರುವುದಿಲ್ಲ. ಮಾದೇವಿ ಅಳಲಿಲ್ಲ. ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಗೋಡೆಗೆ ಆನಿಸಿಟ್ಟು, ಅದರ ಪಕ್ಕದಲ್ಲೇ ಕೂತಳು. ಸಪ್ಲಿಮೆಂಟರಿ ಪರೀಕ್ಷೆ ಇದೆ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಯಲ್ಲಿ ಆ ಹೊತ್ತಿಗೆ ಹಳೆಯ ಯೋಜನೆ ಮುಗಿದು ಕಂಪ್ಯೂಟರ್ ಕೋಣೆಯ ಮಾತು ಶುರುವಾಗಿತ್ತು. ಹತ್ತನೆಯವರ ಮಟ್ಟಿಗೆ ನಮ್ಮ ಮೆಂಟರಿಕೆ ಮುಕ್ತಾಯವಾಯಿತೆಂದು ಮುಖ್ಯೋಪಾಧ್ಯಾಯಿನಿಯವರು ನಮಗೆಲ್ಲ ಕೃತಜ್ಞತೆಯನ್ನೂ ಹೇಳಿಯಾಗಿತ್ತು.

ಮರುದಿನ ಸಾಬಣ್ಣ, ಭೀಮವ್ವ ಬಂದರು. ಮಗಳನ್ನು ಕರೆದೊಯ್ಯಲು ಬಂದಿದ್ದಾರೆಂದು ನಾನು ತಿಳಿದೆ, ಅವಳೂ ತಿಳಿದಳು. ಅವರು ನನ್ನನ್ನು ನಂಬಿ ಬಿಟ್ಟಿದ್ದರು, ನನ್ನಿಂದ ಪಾಸು ಮಾಡಿಸಲಾಗಲಿಲ್ಲ. ಆ ನಾಚಿಕೆಯಲ್ಲಿ ನನಗೆ ಅವರನ್ನು ಕೂರಲು ಹೇಳುವುದೂ ಮರೆತುಹೋಯಿತು. ಬಾಗಿಲಲ್ಲೇ ನಿಂತು, ಗಣಿತ ಹೋಯಿತು, ಇನ್ನೊಂದು ಸಲ ಬರೆಯಬಹುದು, ಆದರೆ ನೀವು ಕೊಟ್ಟ ಮಾತಿನ ಅವಧಿ ಮುಗಿದಿದೆ, ನಾನು ಹೇಗೆ ಕೇಳಲಿ ಎಂದು ಏನೇನೋ ಹೇಳಿದೆ.

ಸಾಬಣ್ಣ ಚೀಲವನ್ನೂ ಅದರ ಪಕ್ಕದಲ್ಲಿದ್ದ ಮಗಳನ್ನೂ ನೋಡಿದ. ಅವನಿಗೆ ನನ್ನ ಮಾತು ಅರ್ಥವಾದಂತೆ ಕಾಣಲಿಲ್ಲ.

"ಮುಗಿಯೂದು ಏನೈತ್ರಿ ಅದರಾಗ?" ಎಂದ. "ಬರೀಲಿ, ಇನ್ನೊಮ್ಮಿ ಬರೀಲಿ. ಪರೀಕ್ಷಾ ಸಲುವಾಗಿ ಮಾಡಿದ ಸಂಬಂಧ ಏನ್ರಿ ಇದು?"

ಭೀಮವ್ವ ಒಳಗೆ ಬಂದು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಟಕ್ಕೆ ಹಾಕತೊಡಗಿದಳು. ಮಾದೇವಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ನಾವು ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.