ಟೈಮ್ ಮೇಡಂ ಗಡಿಯಾರ ಬಿಟ್ಟು ಹೋದ ಭಾನುವಾರ

ಪೀಣ್ಯ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ಶೋಭಾರಾಣಿಯನ್ನು ಎಲ್ಲರೂ ಟೈಮ್ ಮೇಡಂ ಎಂದೇ ಕರೆಯುತ್ತಾರೆ. ಎದುರಿಗೂ ಹಾಗೇ ಕರೆಯುತ್ತಾರೆ, ಅವಳಿಗೆ ಬೇಸರವಿಲ್ಲ. ಮೂವತ್ತೆರಡು ವರ್ಷಗಳಿಂದ ಅವಳ ಕೆಲಸವೇ ಅದು. ಲೇತ್ ಯಂತ್ರದ ಮುಂದೆ ನಿಂತವನ ಬಲಭುಜದ ಹಿಂದೆ ಎರಡಡಿ ದೂರದಲ್ಲಿ ನಿಂತು, ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಬರೆದುಕೊಳ್ಳಬೇಕು: ತುಂಡು ಎತ್ತಲು ಇಷ್ಟು ಹೊತ್ತು, ಬಿಗಿಯಲು ಇಷ್ಟು, ಕೊರೆಯಲು ಇಷ್ಟು, ಬಿಚ್ಚಲು ಇಷ್ಟು. ಅವಳ ಸ್ಟಾಪ್‌ವಾಚಿನಲ್ಲಿ ನಿಮಿಷಕ್ಕೆ ಅರವತ್ತು ಸೆಕೆಂಡಿಲ್ಲ, ನೂರು ಭಾಗ. ಅವಳು ಅಳೆದ ಹೊತ್ತೇ ಮುಂದೆ ಎಲ್ಲರ ಟಾರ್ಗೆಟ್ ಆಗುವುದರಿಂದ, ಅವಳನ್ನು ಕಂಡ ಕೂಡಲೇ ಕೆಲಸಗಾರರ ಕೈ ನಿಧಾನವಾಗುತ್ತದೆ, ಸ್ಪ್ಯಾನರ್ ಜಾರಿ ಬೀಳುತ್ತದೆ, ಕೆಮ್ಮು ಬರುತ್ತದೆ. ಯಾವ ಕೆಮ್ಮು ನಿಜ, ಯಾವುದು ನಾಟಕ ಎಂದು ಅವಳಿಗೆ ಗೊತ್ತು. ಆದರೆ ನಿಜವಾಗಿ ದಣಿಸುವ ಕೆಲಸಕ್ಕೆ ದಣಿವಿನ ಅಲೋಯನ್ಸ್ ಎಂದು ನೂರಕ್ಕೆ ಹತ್ತೋ ಹನ್ನೆರಡೋ ಪಾಲು ಹೆಚ್ಚು ಸಮಯ ಸೇರಿಸುವುದನ್ನು ಅವಳು ಯಾವತ್ತೂ ಮರೆತಿಲ್ಲ. ಮೇಲಿನವರು ಅದನ್ನು ಕಡಿಮೆ ಮಾಡಲು ಹೇಳಿದಾಗಲೂ ಮಾಡಿಲ್ಲ. ಕಾರ್ಖಾನೆಯಲ್ಲಿ ಅವಳ ಮೇಲೆ ಸಿಟ್ಟು ಇರುವವರು ಇದ್ದಾರೆ, ಅಪನಂಬಿಕೆ ಇರುವವರು ಇಲ್ಲ.

ಐವತ್ತೆರಡನೇ ವಯಸ್ಸಿನಲ್ಲಿ ಅವಳು ಪಾಲಿಕೆಯ ಈಜುಕೊಳದಲ್ಲಿ, ಬೆಳಗಿನ ಹೆಂಗಸರ ಪಾಳಿಯಲ್ಲಿ ಈಜು ಕಲಿತಳು. ಆಮೇಲೆ ಮಗಳು ಬಿಟ್ಟುಹೋದ ಗೇರ್ ಸೈಕಲ್ಲು ಹಿಡಿದಳು. ಆಮೇಲೆ ರಾಜಗೋಪಾಲನಗರದ ಗಲ್ಲಿಗಳಲ್ಲಿ ಹಾಲಿನ ವ್ಯಾನು ಬರುವ ಮೊದಲೇ ಓಡತೊಡಗಿದಳು. ಮೂರೂ ಬಂದ ಮೇಲೆ ಮೂರನ್ನೂ ಒಂದರ ಬೆನ್ನಿಗೆ ಒಂದು ಮಾಡುವ ಟ್ರಯಥ್ಲಾನಿಗೆ ಹೆಸರು ಕೊಟ್ಟಳು. ಕಾರ್ಖಾನೆಗಳ ನೌಕರರೇ ಸೇರಿ ಮಾದನಾಯಕನಹಳ್ಳಿಯಿಂದಾಚೆ ವರ್ಷಕ್ಕೊಮ್ಮೆ ನಡೆಸುವ ಸಣ್ಣ ಸ್ಪರ್ಧೆ ಅದು. ಹವ್ಯಾಸಿಗಳಿಗೆ ನಾನೂರು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ.

ಎರಡು ವರ್ಷ ಹೋದಳು, ಎರಡು ಸಲವೂ ನಡುವೆ ಬಿಟ್ಟು ಬಂದಳು. ಮೊದಲ ವರ್ಷ ಸೈಕಲ್ ಮುಗಿಸಿ ಕೈಗಡಿಯಾರ ನೋಡಿಕೊಂಡಾಗ ತಾನು ಹಾಕಿಕೊಂಡಿದ್ದ ಸಮಯಕ್ಕಿಂತ ಹನ್ನೊಂದು ನಿಮಿಷ ಹಿಂದಿದ್ದಳು. ಇನ್ನು ಗುರಿ ಮುಟ್ಟಲು ಸಾಧ್ಯವಿಲ್ಲ ಎಂದು ಲೆಕ್ಕ ಹೇಳಿತು, ಎದೆಯ ಮೇಲಿನ ನಂಬರು ಬಿಚ್ಚಿ ಕೊಟ್ಟಳು. ಎರಡನೇ ವರ್ಷ ಸೈಕಲ್ ದಾರಿಯ ಅರ್ಧದಲ್ಲೇ ಲೆಕ್ಕ ಮುಗಿಯಿತು. ಕಾಲು ನೋಯುತ್ತಿರಲಿಲ್ಲ, ಉಸಿರು ಕಟ್ಟಿರಲಿಲ್ಲ. ಮೈ ಯಾವ ದೂರನ್ನೂ ಕೊಟ್ಟಿರಲಿಲ್ಲ. ಅದೇ ಅವಳಿಗೆ ಕೊನೆಗೆ ಚುಚ್ಚಿದ್ದು.

ಚುಚ್ಚುವಂತೆ ಹೇಳಿದವನು ಮುನೀಂದ್ರ. ಅವನು ಏಳನೇ ಲೇತಿನ ಆಪರೇಟರ್. ಆ ಸ್ಪರ್ಧೆಯಲ್ಲಿ ನೀರು ಕೊಡುವ ಸ್ವಯಂಸೇವಕರಲ್ಲಿ ಅವನೂ ಒಬ್ಬ. ಎರಡನೇ ಸಲ ಬಿಟ್ಟು ಬಂದ ಮರುದಿನ, ಸೋಮವಾರ, ಟೀ ಹೊತ್ತಿಗೆ ಕೇಳಿಯೇಬಿಟ್ಟ.

"ಮೇಡಂ, ನೆನ್ನೆ ಯಾಕೆ ವಾಪಸ್ ಬಂದ್ಬಿಟ್ರಿ? ಕಾಲು ಹಿಡ್ಕೊಳ್ತಾ?"

"ಇಲ್ಲ. ಟಾರ್ಗೆಟ್ ಆಗ್ತಿರಲಿಲ್ಲ."

"ಟಾರ್ಗೆಟ್ ಆಗಲ್ಲ ಅಂತ ನಾವು ಮಧ್ಯಾಹ್ನ ಮೆಷಿನ್ ಆಫ್ ಮಾಡಿ ಮನೆಗೆ ಹೋದ್ರೆ ಮೆಮೊ ಕೊಡ್ತೀರಲ್ಲ ಮೇಡಂ?"

ಸುತ್ತಲಿದ್ದವರು ಟೀ ಲೋಟದೊಳಗೆ ನಕ್ಕರು. ಶೋಭಾರಾಣಿ ಟೀ ಮುಗಿಸಿ ಹಲಗೆ ಎತ್ತಿಕೊಂಡು ಹೊರಟಳು. ಅವತ್ತೇ ನಿರ್ಧರಿಸಿದಳು: ಇನ್ನೊಂದೇ ಸಲ. ಮೂರನೇ ಸಲವೂ ನಡುವೆ ಬಿಟ್ಟರೆ ತಾನು ಮುಗಿಸುವ ಜಾತಿಯವಳಲ್ಲ ಎಂದು ಒಪ್ಪಿಕೊಂಡು, ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುವುದು. ಈ ಸಲ ಸಮಯವನ್ನು ಮಾತ್ರ ಹಾಕಿಕೊಳ್ಳಬಾರದು.

ಮರುವರ್ಷದ ಸ್ಪರ್ಧೆಯ ಭಾನುವಾರ ಬೆಳಗಿನ ನಾಲ್ಕೂವರೆಗೆ ಅವಳ ಅತ್ತೆ ಅಂಜಿನಮ್ಮ ಎದ್ದು ರಾಗಿ ಗಂಜಿ ಕಾಯಿಸಿದ್ದರು. ಎಪ್ಪತ್ತೆಂಟು ವರ್ಷದ ಅವರಿಗೆ ಏಳಿ ಎಂದು ಯಾರೂ ಹೇಳಿರಲಿಲ್ಲ. ಶೋಭಾರಾಣಿ ಗಂಜಿ ಕುಡಿದು ಕೈಗಡಿಯಾರ ಬಿಚ್ಚಿ ಅವರ ಮುಂದಿಟ್ಟಳು.

"ಇದು ನಿಮ್ಮ ಹತ್ರ ಇರಲಿ ಅತ್ತೆ."

"ನಂಗ್ಯಾಕವ್ವ ಇದು? ನಂಗೆ ಟೈಮ್ ನೋಡಕ್ಕೆ ಬರಾಕಿಲ್ಲ."

"ಅದಕ್ಕೇ ನಿಮಗೆ ಕೊಡ್ತಿರೋದು."

"ಒಂದ್ ಕೆಲ್ಸನೇ ಎಲ್ರೂ ನೆಟ್ಟಗೆ ಮಾಡಾಕಿಲ್ಲ, ನೀನು ಮೂರು ಮಾಡಕ್ಕೆ ಒಂಟಿದ್ದೀಯ. ಓಗು, ಉಷಾರು. ನೀರ್ ಕಡೆ ನೋಡ್ಕೊಂಡು ಇಳಿ."

ಗಡಿಯಾರ ಬಿಚ್ಚಿದ ಮಾತ್ರಕ್ಕೆ ಬಿಡುಗಡೆ ಸಿಗಲಿಲ್ಲ. ಮೂವತ್ತೆರಡು ವರ್ಷ ಅಳೆದವಳ ತಲೆಯೊಳಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಆರೂವರೆಗೆ ಸೀಟಿ ಊದಿದ ಕೂಡಲೇ ಶಾಲೆಯೊಂದರ ಈಜುಕೊಳಕ್ಕೆ ಇಳಿದವಳು ಕೈ ಬೀಸುವುದನ್ನು ಎಣಿಸತೊಡಗಿದಳು. ಒಂದು ಉದ್ದಕ್ಕೆ ಇಪ್ಪತ್ತೆಂಟು. ಅಂಥ ಹದಿನಾರು ಉದ್ದ ಈಜಬೇಕು. ಐದನೇ ಉದ್ದದಲ್ಲಿ ಮುಂದಿನವರ ಹಿಮ್ಮಡಿ ಮೂಗಿಗೆ ತಗುಲಿ ನೀರು ನೆತ್ತಿಗೇರಿತು. ಎಣಿಕೆ ತಪ್ಪಿತು. ಒಂದರಿಂದ ಮತ್ತೆ ಶುರು ಮಾಡಿದಳು, ಮತ್ತೆ ತಪ್ಪಿತು. ಹೇಗಿದ್ದರೂ ಉದ್ದಗಳನ್ನು ಎಣಿಸಿ ಕೂಗಿ ಹೇಳಲು ದಡದಲ್ಲಿ ಒಬ್ಬಳು ಕೂತಿದ್ದಳು. ಒಬ್ಬರು ಮಾಡುವ ಕೆಲಸವನ್ನು ಇನ್ನೊಬ್ಬರು ಮಾಡುವುದು ದಂಡ ಎಂದು ತಾನೇ ಎಷ್ಟು ವರದಿಗಳಲ್ಲಿ ಬರೆದಿಲ್ಲ? ಎಣಿಸುವುದನ್ನು ಬಿಟ್ಟಳು. ಆಗಷ್ಟೇ ಗೊತ್ತಾಯಿತು, ಮೇಲಿನ ನೀರು ಬೆಚ್ಚಗಿದೆ, ಕೈ ಆಳಕ್ಕೆ ಹೋದಲ್ಲಿ ತಣ್ಣಗಿದೆ. ತಳದ ನೀಲಿ ಹೆಂಚುಗಳ ಮೇಲೆ ಬಿಸಿಲು ಬಲೆಯಂತೆ ಅಲುಗಾಡುತ್ತಿತ್ತು. ಐದು ವರ್ಷ ಈಜಿದರೂ ಅವಳು ತಳವನ್ನು ನೋಡಿರಲಿಲ್ಲ.

ಸೈಕಲ್ ದಾರಿ ತುಮಕೂರು ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಗೋದಾಮುಗಳ ನಡುವೆ, ಎರಡು ಸುತ್ತು. ಒಂದು ಕೂಡುರಸ್ತೆಯಲ್ಲಿ ಟ್ರಾಫಿಕ್ ಪೊಲೀಸಿನವನು ಅವಳೊಬ್ಬಳಿಗಾಗಿ ಸಾಲು ಲಾರಿಗಳನ್ನು ನಿಲ್ಲಿಸಿದ. ಮೊದಲನೆಯ ಲಾರಿಯವನು ಹಾರ್ನ್ ಒತ್ತಿದಾಗ, "ಅರ್ಜೆಂಟಾ ನಿಂಗೆ? ಅಮ್ಮ ಹೋಗ್ಲಿ ಇರೋ," ಎಂದು ಗದರಿದ. ಶೋಭಾರಾಣಿ ಹ್ಯಾಂಡಲ್ ಬಿಡದೆ ತಲೆ ಬಾಗಿಸಿ ನಮಸ್ಕಾರ ಮಾಡಿದಳು. ಹಿಂದಿನ ಎರಡು ವರ್ಷವೂ ಆ ಜಾಗದಲ್ಲಿ ಯಾರೋ ಒಬ್ಬರು ನಿಂತಿದ್ದಿರಬೇಕು. ಅವಳು ಮಣಿಕಟ್ಟನ್ನು ನೋಡುತ್ತಾ ದಾಟಿದ್ದಳು.

ಮೊದಲ ಸುತ್ತಿನಲ್ಲಿ ನಿಲ್ಲದೆ ದಾಟಿದ್ದ ಮುನೀಂದ್ರನ ನೀರಿನ ಮೇಜು ಎರಡನೇ ಸುತ್ತಿನ ನಡುವೆ ಮತ್ತೆ ಸಿಕ್ಕಿತು. ಒಂದು ಗುಟುಕು ನೀರಿಗೆ ಇಳಿದವಳು ಅಲ್ಲೇ ನಿಂತುಬಿಟ್ಟಳು. ಮೇಜಿನ ಹಿಂದೆ ಮೂವರಿದ್ದರು. ನೀರಿನ ಕ್ಯಾನು ಬಲತುದಿಯಲ್ಲಿ, ಲೋಟಗಳು ಎಡತುದಿಯಲ್ಲಿ, ಬಾಳೆಹಣ್ಣು ಕೆಳಗೆ ಚೀಲದಲ್ಲಿ. ಪ್ರತಿ ಲೋಟಕ್ಕೂ ಒಬ್ಬರ ಕೈ ಇನ್ನೊಬ್ಬರ ಎದೆಯ ಮುಂದೆ ಹಾದುಹೋಗುತ್ತಿತ್ತು. ಮುಂದೆ ನಾಲ್ವರು ಸೈಕಲ್ ಹಿಡಿದು ಕಾಯುತ್ತಿದ್ದರು. ಶೋಭಾರಾಣಿ ತನ್ನ ಸೈಕಲ್ಲನ್ನು ಬೇಲಿಗೆ ಒರಗಿಸಿದಳು.

"ಕ್ಯಾನ್ ಮಧ್ಯಕ್ಕೆ ತಗೊಳ್ಳಿ. ಲೋಟ ಅದರ ಪಕ್ಕದಲ್ಲೇ. ಚೀಲ ಯಾಕೆ ಕೆಳಗಿಟ್ಟಿದ್ದೀರ? ಪ್ರತಿ ಹಣ್ಣಿಗೂ ಒಂದು ಸಲ ಬಗ್ತೀರಲ್ಲ, ಸೊಂಟ ಏನಾಗ್ಬೇಕು? ನೀನು ತುಂಬು, ನೀನು ಕೊಡು. ಮುನೀಂದ್ರ, ನೀನು ಖಾಲಿ ಲೋಟ ವಾಪಸ್ ತಗೊಳ್ಳೋದೊಂದೇ ಮಾಡಪ್ಪ."

ಮೇಜನ್ನು ತಾನೇ ಅರ್ಧ ಎಳೆದು ತಿರುಗಿಸಿದಳು. ಕಾಯುತ್ತಿದ್ದ ನಾಲ್ವರೂ ಕುಡಿದು ಹೋದರು, ಅವರ ಹಿಂದೆ ಬಂದ ಇನ್ನಿಬ್ಬರೂ ಹೋದರು. ಅವಳು ಇನ್ನೂ ಲೋಟಗಳ ಸಾಲನ್ನು ನೇರ ಮಾಡುತ್ತಿದ್ದಳು. ಮುನೀಂದ್ರ ಕೈ ಕಟ್ಟಿ ನಿಂತು ನೋಡುತ್ತಿದ್ದ.

"ಮೇಡಂ, ಸಕ್ಕತ್ತಾಗಿದೆ. ಆದ್ರೆ ಇವತ್ತು ನೀವು ಆಪರೇಟರ್ ಕಣ್ರೀ. ಹೋಗಿ."

ಅವಳಿಗೆ ನಗು ಬಂತು. ಎಷ್ಟು ಹೊತ್ತು ಕಳೆಯಿತೋ ಅವಳಿಗೇ ಗೊತ್ತಿರಲಿಲ್ಲ. ತಲೆಯೊಳಗಿನ ಗಡಿಯಾರ ಅಲ್ಲಿಯವರೆಗೆ ಯಾವತ್ತೂ ಹಾಗೆ ನಿಂತಿರಲಿಲ್ಲ. ಕೂಡಲೇ ಹಳೆಯ ಚಾಳಿ ಎದ್ದಿತು.

"ಗಂಟೆ ಎಷ್ಟು?"

"ಟೈಮ್ ತಗೊಳ್ಳುವಾಗ ಆಪರೇಟರ್‌ಗೆ ವಾಚ್ ತೋರಿಸ್ಬಾರ್ದು ಅಂತ ನೀವೇ ಹೇಳಿದ್ದು." ಅವನು ತನ್ನ ಮಣಿಕಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡ. "ದಣಿವಿನ ಅಲೋಯನ್ಸ್ ಬೇಕಿದ್ರೆ ಇಪ್ಪತ್ತು ಪರ್ಸೆಂಟ್ ಸೇರಿಸ್ಕೊಳ್ಳಿ. ನಮಗೆ ಹತ್ತೇ ಕೊಟ್ಟಿದ್ರಿ."

ಓಟದ ದಾರಿ ಕೆರೆಯ ಏರಿಯ ಮೇಲೆ. ಎರಡೂವರೆ ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ಎದುರಿನಿಂದ ಮುಗಿಸಲು ಹೊರಟವರು ಬರುತ್ತಿದ್ದರು. ಒಬ್ಬೊಬ್ಬರೂ, "ಚೆನ್ನಾಗಿ ಓಡ್ತಿದ್ದೀರ ಮೇಡಂ," "ಬನ್ನಿ ಅಕ್ಕ, ಬನ್ನಿ," ಎಂದರು. ಚೆನ್ನಾಗಿ ಓಡುತ್ತಿಲ್ಲವೆಂದು ಹೇಳಿದವರಿಗೂ ಅವಳಿಗೂ ಗೊತ್ತಿತ್ತು. ಆದರೂ ಅವಳಿಗೆ ಅದು ಸುಳ್ಳೆನಿಸಲಿಲ್ಲ. ತಮ್ಮ ಉಸಿರಿಗೇ ಕೊರತೆಯಿದ್ದ ಹೊತ್ತಿನಲ್ಲಿ ಅವರು ಅವಳಿಗಾಗಿ ಅಷ್ಟು ಖರ್ಚು ಮಾಡಿದ್ದರು. ಕೆರೆಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಗಾಳಿ ನೀರಿನ ಮೇಲಿಂದ ನೇರ ಮುಖಕ್ಕೆ ಬರುತ್ತಿತ್ತು. ಇದನ್ನೆಲ್ಲ ಕಳೆದೆರಡು ವರ್ಷ ತಾನು ನೋಡದೆ ಹೋದೆನಲ್ಲ ಎಂದುಕೊಂಡಳು. ಇಲ್ಲಿಯವರೆಗೆ ಬಂದೇ ಇರಲಿಲ್ಲ.

ಒಂದೂವರೆ ಕಿಲೋಮೀಟರ್ ಆಗಿರಬಹುದು, ಧ್ವನಿವರ್ಧಕ ಮಾತಾಡಿತು. "ಒಂಬತ್ತು ಗಂಟೆಗೆ ಸರಿಯಾಗಿ ಬಹುಮಾನ ವಿತರಣೆ. ಇನ್ನು ಐದೇ ನಿಮಿಷ. ಎಲ್ಲರೂ ವೇದಿಕೆ ಹತ್ರ ಬನ್ನಿ."

ಕೇಳಬಾರದೆಂದರೂ ಕಿವಿಗೆ ಬಿತ್ತು. ಎಂಟು ಐವತ್ತೈದು. ಎರಡು ಗಂಟೆ ಇಪ್ಪತ್ತೈದು ನಿಮಿಷ ಆಗಿಹೋಗಿದೆ, ಇನ್ನೂ ಮೂರೂವರೆ ಕಿಲೋಮೀಟರ್ ಇದೆ. ಹಿಂದೆ ಹಾಕಿಕೊಂಡಿದ್ದ ಒಟ್ಟು ಸಮಯವೇ ಎರಡು ಗಂಟೆ ಹತ್ತು ನಿಮಿಷ. ಲೆಕ್ಕ ತಾನಾಗಿಯೇ ಮುಗಿದು ತಲೆಯಲ್ಲಿ ಕೂತಿತು. ಏರಿಯ ಎಡಕ್ಕೆ ಒಂದು ಕಾಲುದಾರಿ ಇಳಿದು, ಗಾಡಿಗಳನ್ನು ನಿಲ್ಲಿಸಿದ್ದ ಬಯಲಿಗೆ ನೇರ ಹೋಗುತ್ತಿತ್ತು. ಅವಳ ಕಾಲು ಅಲ್ಲಿ ನಿಂತಿತು. ಲೆಕ್ಕ ಮುಗಿದ ಮೇಲೆ ನಿಲ್ಲುವುದು ಅವಳ ಕಾಲಿಗೆ ಅಭ್ಯಾಸವಾಗಿತ್ತು.

"ಮೇಡಮ್ಮರ, ಯಾಕ ನಿಂತ್ರಿ?"

ಹಿಂದೆ ಒಬ್ಬ ಹಿರಿಯರು ಬರುತ್ತಿದ್ದರು. ದಪ್ಪ ಆಳು, ಬನಿಯನ್ನು ಒದ್ದೆ, ಹಣೆಯ ವಿಭೂತಿ ಬೆವರಿಗೆ ಅರ್ಧ ಇಳಿದಿತ್ತು. ಹೆಸರು ಸಂಗಣ್ಣ. ವಿಜಯಪುರದ ಕಡೆಯವರು, ಪೀಣ್ಯದ ಬಾಯ್ಲರ್ ಕಂಪನಿಯೊಂದರಿಂದ ನಿವೃತ್ತರಾದವರು. ಇಷ್ಟನ್ನು ಎರಡು ಉಸಿರಿನಲ್ಲಿ ಅವರೇ ಹೇಳಿದರು.

"ಬಿಡೋಣ ಅಂದ್ಕೊಂಡೆ," ಎಂದಳು ಶೋಭಾರಾಣಿ.

"ಬಿಡಬ್ಯಾಡ್ರಿ ತಾಯಿ! ನನ್ನ ಹಿಂದ ಯಾರೂ ಇಲ್ಲ. ನೀವ್ ಹೋದ್ರ ನಾನಽ ಲಾಸ್ಟ್ ಆಗ್ತೀನಿ. ಮನ್ಯಾಗ ಮೊಮ್ಮಕ್ಕಳು ಕೇಳ್ತಾವ್ರಿ, ಮುತ್ತ್ಯಾ ನಿನ್ನ ಹಿಂದ ಎಷ್ಟ್ ಮಂದಿ ಇದ್ರು ಅಂತ."

"ಈಗಲೂ ನೀವೇ ಹಿಂದೆ ಇದ್ದೀರಲ್ಲ."

"ಅದನ್ನಽ ಮಾತಾಡೂಣು ಅಂತ ಓಡಿ ಬಂದೆ. ನೀವು ಎರಡು ಹೆಜ್ಜಿ ಹಿಂದ ಬರ್ರಿ. ನಿಮಗೇನು, ಇನ್ನೂ ವಯಸ್ಸೈತಿ. ಮುಂದಿನ ವರ್ಷ ಫಸ್ಟ್ ಬರ್ರಿ."

ಇಷ್ಟು ನಾಚಿಕೆಯಿಲ್ಲದೆ ಕೇಳಿದವರನ್ನು ಅವಳು ಅಂಗಡಿಯಲ್ಲೂ ಕಂಡಿರಲಿಲ್ಲ, ಆಫೀಸಿನಲ್ಲೂ ಕಂಡಿರಲಿಲ್ಲ. ಅವರ ಕೋರಿಕೆಯಲ್ಲಿ ಸಮಯದ ಮಾತೇ ಇರಲಿಲ್ಲ. ಬೇಕಾಗಿದ್ದುದು ಹಿಂದೊಬ್ಬರು, ಅಷ್ಟೇ. ಅದನ್ನು ಕೊಡಲು ಅವಳಿಗೆ ಶಕ್ತಿಯಿತ್ತು. ಕಾಲುದಾರಿಯನ್ನು ಅಲ್ಲೇ ಬಿಟ್ಟು ಏರಿಯ ಮೇಲೆ ಮುಂದಕ್ಕೆ ಹೊರಟಳು.

ಮೂರೂವರೆ ಕಿಲೋಮೀಟರನ್ನು ಇಬ್ಬರೂ ಓಡಿದರು, ನಡೆದರು, ಮತ್ತೆ ಓಡಿದರು. ಸಂಗಣ್ಣ ಬಾಯ್ಲರುಗಳ ಬಗ್ಗೆ ಹೇಳಿದರು, ಸಜ್ಜೆ ರೊಟ್ಟಿಯ ಬಗ್ಗೆ ಹೇಳಿದರು, ಬೆಂಗಳೂರಿನ ಬದನೆಕಾಯಿಯನ್ನು ಬೈದರು. ಅವಳು ಕೇಳಿದಳು. ಸುಮ್ಮನೆ ಕೇಳುತ್ತಾ ಇಷ್ಟು ದೂರ ಯಾರ ಜೊತೆಗೂ ನಡೆದ ನೆನಪು ಅವಳಿಗಿರಲಿಲ್ಲ. ಗೆರೆಯ ಹತ್ತಿರ ಬಂದಾಗ ಅವಳು ಬೇಕೆಂದೇ ನಿಧಾನಿಸಿದಳು. ಸಂಗಣ್ಣ ಕೈ ಎತ್ತಿಕೊಂಡು ಒಳಗೆ ಹೋದರು. ಎರಡು ಹೆಜ್ಜೆ ಹಿಂದೆ ಅವಳೂ ಗೆರೆ ದಾಟಿದಳು. ಮುಗಿಸಿದ್ದಳು. ಬಾಗಿ, ತನ್ನ ಎರಡು ಕಾಲನ್ನೂ ಕೈಯಿಂದ ಒಮ್ಮೆ ಒತ್ತಿಕೊಂಡಳು. ಐವತ್ತೇಳು ವರ್ಷ ಕೇಳಿದ್ದನ್ನೆಲ್ಲ ಮಾಡಿದ ಕಾಲುಗಳು. ಅವುಗಳಿಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ ಅವಳು.

ಚಪ್ಪಾಳೆ ತಟ್ಟಲು ಅಲ್ಲಿ ಹೆಚ್ಚು ಜನ ಉಳಿದಿರಲಿಲ್ಲ. ಗಾಳಿ ತುಂಬಿದ ಕಮಾನು ಅರ್ಧ ಇಳಿದಿತ್ತು. ಕಾಲಿಗೆ ಕಟ್ಟಿದ್ದ, ಸಮಯ ದಾಖಲಿಸುವ ಚಿಪ್ ಬಿಚ್ಚಲು ಬಂದ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

"ಸಾರಿ ಮೇಡಂ. ಗೆರೆ ಮೇಲೆ ಹಾಸಿದ್ದ ಟೈಮ್ ತಗೊಳ್ಳೋ ಮ್ಯಾಟ್ ಈಗಷ್ಟೇ ಸುತ್ತಿಟ್ವಿ. ಎಲ್ರೂ ಬಂದಾಯ್ತು ಅಂದ್ಕೊಂಡ್ವಿ. ನಿಮ್ಮಿಬ್ಬರ ಫಿನಿಷಿಂಗ್ ಟೈಮ್ ಬಂದಿಲ್ಲ."

"ಪರವಾಗಿಲ್ಲಮ್ಮ," ಎಂದಳು ಶೋಭಾರಾಣಿ. ಹೇಳಿ, ಒಂದು ಕ್ಷಣ ತನ್ನೊಳಗೆ ಹುಡುಕಿ ನೋಡಿಕೊಂಡಳು. ನಿಜಕ್ಕೂ ಬೇಸರವಿರಲಿಲ್ಲ.

ಸಂಗಣ್ಣನವರಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

"ಟೈಮ್ ಹೋಗ್ಲಿ ಬಿಡ್ರಿ. ನಾ ಮುಂದ, ಇವ್ರು ಹಿಂದ. ಇಷ್ಟು ಬರಕೊಂಡಿರೇನು? ನಾಳೆ ಯಾರರ ಇಲ್ಲ ಅಂದ್ರ?"

ಹುಡುಗಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಶೋಭಾರಾಣಿ ಅವಳ ಕೈಯಿಂದ ಹಲಗೆಯನ್ನೂ ಪೆನ್ನನ್ನೂ ತೆಗೆದುಕೊಂಡಳು. ಫಲಿತಾಂಶದ ಹಾಳೆಯ ಕೆಳಗೆ, ಮೂವತ್ತೆರಡು ವರ್ಷ ಬರೆದ ಅದೇ ನೇರ ಅಕ್ಷರದಲ್ಲಿ ಬರೆದಳು: ಸಂಗಣ್ಣ, ಓಟ ಪೂರ್ಣ. ಅದರ ಕೆಳಗೆ: ಶೋಭಾರಾಣಿ, ಓಟ ಪೂರ್ಣ, ಇವರ ಹಿಂದೆ. ಪಕ್ಕದ ಸಮಯದ ಕಾಲಂ ಖಾಲಿ ಬಿಟ್ಟು ಸಹಿ ಹಾಕಿದಳು. ಸಂಗಣ್ಣ ಅದನ್ನು ಎರಡು ಸಲ ಓದಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಆಮೇಲೆ ಇಬ್ಬರೂ ತಿಂಡಿಯ ಪೆಂಡಾಲಿಗೆ ಹೋದರು. ಉಪ್ಪಿಟ್ಟು ಆರಿ ತಳ ಹಿಡಿದಿತ್ತು. ಬಡಿಸುತ್ತಿದ್ದ ಹೆಂಗಸು ಮುಜುಗರದಿಂದ, "ಬಿಸಿ ಇಲ್ಲ ಅಕ್ಕ," ಎಂದಳು.

"ಉಳಿಸಿದ್ದೀರಲ್ಲ, ಅದೇ ದೊಡ್ಡದು. ತಳದ್ದೂ ಕೆರೆದು ಹಾಕಿ," ಎಂದು ಶೋಭಾರಾಣಿ ತಟ್ಟೆ ಹಿಡಿದಳು.