ತಮ್ಮನ ಒಪ್ಪಿಗೆ ಪತ್ರ

ರೇಷ್ಮೆ ಹುಳುವಿನ ಮನೆ ಕಟ್ಟಿಕೊಂಡರೆ ಅರ್ಧ ಖರ್ಚು ಇಲಾಖೆಯದು, ಅರ್ಧ ನಮ್ಮದು ಎಂದು ಸೊಸೆ ಸುದ್ದಿ ತಂದಾಗ ನಾನೇ ಮುಂದೆ ನಿಂತು ಅರ್ಜಿ ಬರೆಸಿದೆ. ರಾಗಿಯೊಂದನ್ನೇ ನಂಬಿ ಕೂತರೆ ಆಗದು ಎಂದು ಈ ಮೊಂಡನಿಗೂ ಕೊನೆಗೆ ಗೊತ್ತಾಗಿತ್ತು. ಚನ್ನಪಟ್ಟಣದ ಕಚೇರಿಯಲ್ಲಿ ಗುಮಾಸ್ತರು ಪಹಣಿ ನೋಡಿ, "ಜಂಟಿ ಖಾತೆ ಐತಲ್ಲ ಯಜಮಾನ್ರೇ, ನಿಮ್ ತಮ್ಮನ ಒಪ್ಪಿಗೆ ಪತ್ರ ತನ್ನಿ" ಅಂದರು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಹನ್ನೆರಡು ವರ್ಷದ ಹಿಂದೆ ಇಂಥದೇ ಪತ್ರ ಹಿಡಿದು ಅವನು ನನ್ನ ಮುಂದೆ ನಿಂತಿದ್ದ. "ಅಣ್ಣಯ್ಯ, ಒಂದೆಕ್ರೆಗೆ ಹಿಪ್ನೇರ್ಳೆ ಹಾಕ್ತೀನಿ. ಸರ್ಕಾರದೋರು ಅರ್ಧ ಕೊಡ್ತಾರೆ. ಒಂದ್ ಸೈನು ಹಾಕು" ಅಂದ. ಎಲ್ಲಿತ್ತೋ ಆ ಕೋಪ! "ಅಪ್ಪ ರಾಗಿ ಬೆಳೆದ ಹೊಲದಾಗೆ ಹುಳ ಸಾಕ್ತೀಯೇನ್ಲಾ? ನಾನ್ ಬದುಕಿರೋಗಂಟ ಆಗಾಕಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಮನೆಗೆ ದೊಡ್ಡವನು ಎಂಬ ಕೊಬ್ಬು, ಇನ್ನೇನು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಆ ತಿಂಗಳೇ ಹೆಂಡತಿ ಮಕ್ಕಳ ಜೊತೆ ತಿಪ್ಪಸಂದ್ರಕ್ಕೆ, ಮಾವನ ಮನೆಗೆ ಹೊರಟುಹೋದ. ಆಮೇಲೆ ಸಾವು ಮದುವೆಗಳಲ್ಲಿ ದೂರದಿಂದ ನೋಡಿದ್ದೇ ಹೊರತು ಮಾತಿಲ್ಲ.

ತಿಪ್ಪಸಂದ್ರಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. "ಅವತ್ತು ನೀನ್ ಸೈನು ಹಾಕಿದ್ಯಾ?" ಎಂದು ಅವನು ಕೇಳಬೇಕು. "ತಪ್ಪಾಯ್ತು ಕಣಪ್ಪ, ಊರಿಗೆ ಬಾ" ಎಂದು ನಾನು ಹೇಳಬೇಕು. ಜೋರಾಗಿಯೇ ಗೊಣಗಿದೆನೇನೋ, ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ತಮ್ಮ ಹುಳುವಿಗೆ ಸೊಪ್ಪು ಹಾಕುತ್ತಿದ್ದ. ಮಾವನ ಜಮೀನಿನಲ್ಲಿ ತಾನೇ ಕಟ್ಟಿಕೊಂಡ ಹುಳು ಮನೆ. ತಲೆ ನರೆತಿತ್ತು, ಬೆನ್ನು ನಮ್ಮಪ್ಪನದೇ. "ಬನ್ನಿ, ಕೂತ್ಕಳಿ" ಎಂದ. ನನಗೆ ಯಾವತ್ತೂ ‘ಬನ್ನಿ’ ಅಂದವನಲ್ಲ. ಬಂದ ಕಾರಣ ಹೇಳಿದೆ. ಕೈ ತೊಳೆದುಕೊಂಡು ಬಂದ, ನಾನು ಬರೆಸಿಕೊಂಡು ಹೋದ ಪತ್ರ ಓದಲೂ ಇಲ್ಲ, ಸೈನು ಹಾಕಿದ. ನನ್ನನ್ನು ಕಾಫಿಗೆ ಕೂರಿಸಿ, ಕಾಗದ ತೆಗೆದುಕೊಂಡು ಹೊರಗೆ ಹೋಗಿ ಬಂದು, ಒಂದು ಕವರು ಕೈಗಿಟ್ಟ. "ಬಸ್ಸು ಬತ್ತೈತೆ" ಅಂದ. ಅಷ್ಟೇ. ಅಯ್ಯೋ, ಒಂದು ಮಾತಾದರೂ ಬೈದಿದ್ದರೆ! ಬೈಗುಳಕ್ಕೆ ಉತ್ತರ ಕಟ್ಟಿಕೊಂಡು ಹೋಗಿದ್ದೆ, ಸೈನಿಗೆ ಏನು ಹೇಳಲಿ? ಕವರು ಹಿಡಿದುಕೊಂಡು ಎದ್ದೆ. ಬಸ್ಸು ಹತ್ತಿದೆ.

ವಾಪಸ್ಸು ಬರುವಾಗ ಒಂದೇ ಆಸೆ: ಕಾಗದದಲ್ಲಿ ಏನಾದರೂ ತಪ್ಪಿರಲಿ. ಯಾವ ಕಚೇರಿಯವರು ಒಂದೇ ಸಲಕ್ಕೆ ಒಪ್ಪಿದ್ದಾರೆ? ಹಿಂದಕ್ಕೆ ಕಳಿಸಲಿ, ಮತ್ತೆ ಹೋಗುತ್ತೇನೆ, ಆಗ ಹೇಳಿಯೇ ಹೇಳುತ್ತೇನೆ. ಅವನ ದನಿ ಕೇಳಬೇಕು ಅನ್ನಿಸುತ್ತಿತ್ತು.

ಮಾರನೆಯ ದಿನ ಗುಮಾಸ್ತರು ಕವರು ಬಿಚ್ಚಿದರು. ಪತ್ರದ ಜೊತೆ ಆಧಾರ್ ಜೆರಾಕ್ಸು, ಎರಡು ಫೋಟೋ, ಊರಿನ ಇಬ್ಬರ ಸಾಕ್ಷಿ ಸೈನು. ಇದನ್ನೆಲ್ಲ ನಾನು ಕೇಳಿರಲಿಲ್ಲ. ಒಂದು ಕಾಲಕ್ಕೆ ಇದೇ ಕಾಗದಕ್ಕೆ ಅಲೆದವನಲ್ಲವೇ, ಏನೇನು ಬೇಕೆಂದು ಅವನಿಗೆ ಗೊತ್ತಿತ್ತು.

"ಎಲ್ಲಾ ಸರಿಯಾಗೈತೆ. ಇನ್ ನೀವು ಓಡಾಡಂಗಿಲ್ಲ ಬುಡಿ" ಅಂದರು.

"ಇನ್ನೊಂದ್ಸಲ ನೋಡಿ ಸ್ವಾಮಿ, ಏನಾರ ಕಮ್ಮಿ ಇದ್ದೇ ಇರ್ತದೆ" ಎಂದು ಬೇಡಿಕೊಂಡೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಒಂದೊಂದೇ ಹಾಳೆ ಮತ್ತೆ ತಿರುವಿದರು. ಏನೂ ಕಮ್ಮಿ ಇರಲಿಲ್ಲ.